ಡಬ್ಬಿ ಬಚ್ಚಿಡಿ, ಗೆಳೆಯರಿಗೆ ಅಂಕಿ ಕೊಡಿ: ಕೊಡಗಿನಲ್ಲಿ ಜಿಯೋಕ್ಯಾಚಿಂಗ್

ಊರಿಗೆ ಬಂದ ಗೆಳೆಯರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ರಾಜಾಸೀಟ್, ಅಬ್ಬಿ, ದುಬಾರೆ ಎಲ್ಲವನ್ನೂ ಅವರು ನೋಡಿರುತ್ತಾರೆ. ಈ ಸಲ ಒಂದು ದಿನ ಜಿಯೋಕ್ಯಾಚಿಂಗ್ ಆಡಿ. ಒಬ್ಬರು ಡಬ್ಬಿ ಬಚ್ಚಿಟ್ಟು ಆ ಜಾಗದ ಅಕ್ಷಾಂಶ, ರೇಖಾಂಶ ಕೊಡುತ್ತಾರೆ. ಉಳಿದವರು ಮೊಬೈಲ್ ಹಿಡಿದು ಹುಡುಕುತ್ತಾರೆ. ಆಟ ಇಷ್ಟೇ.

ಈ ಆಟ ಹುಟ್ಟಿದ ಕತೆ ಹೀಗಿದೆ. ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಿಗ್ನಲ್‌ನಲ್ಲಿ ಅಮೆರಿಕ ಸರ್ಕಾರ ಮೊದಲು ಬೇಕೆಂದೇ ತಪ್ಪು ಬೆರೆಸುತ್ತಿತ್ತು. 2000ದ ಮೇ ಮೊದಲಲ್ಲಿ ಅದನ್ನು ನಿಲ್ಲಿಸಿತು. ಒಂದೆರಡು ದಿನದಲ್ಲೇ, ಮೇ 3ರಂದು, ಒರೆಗಾನ್‌ನಲ್ಲಿ ಡೇವ್ ಅಲ್ಮರ್ ಎಂಬವರು ಸಾಮಾನು ತುಂಬಿದ ಬಕೆಟ್ ಒಂದನ್ನು ಬಚ್ಚಿಟ್ಟು, ಜಾಗದ ಅಂಕಿಗಳನ್ನು ಇಂಟರ್ನೆಟ್‌ನಲ್ಲಿ ಹಾಕಿದರು. ಈಗ ಇದಕ್ಕೆಂದೇ ಆ್ಯಪ್ ಇದೆ. ಬೇರೆಯವರು ಇಟ್ಟ ಡಬ್ಬಿಗಳು ಅದರಲ್ಲಿ ಕಾಣುತ್ತವೆ. ಆದರೆ ಗೆಳೆಯರಿಗಾಗಿ ನಾವೇ ಬಚ್ಚಿಡುವುದರಲ್ಲಿ ಖುಷಿ ಜಾಸ್ತಿ ಎನ್ನುವುದು ನನ್ನ ಅಭಿಪ್ರಾಯ. ಯಾರು ಎಲ್ಲಿ ಎಡವುತ್ತಾರೆ, ಯಾರಿಗೆ ಯಾವ ಸುಳಿವು ಹೊಳೆಯುತ್ತದೆ ಎಂದು ನಮಗೆ ಗೊತ್ತಿರುತ್ತದಲ್ವಾ?

ಮೊದಲು ಜಾಗ

ಗುರುತಿನವರ ಕಾಫಿ ತೋಟವೇ ಒಳ್ಳೆಯದು. ಮಾಲೀಕರನ್ನು ಕೇಳಿ, ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗೂ ಹೇಳಿಡಿ. ಹೂ ಬಿಟ್ಟ ಸಮಯದಲ್ಲಿ, ಕುಯ್ಲಿನ ಗಡಿಬಿಡಿಯಲ್ಲಿ ಕೇಳಬೇಡಿ. ಮಳೆಗಾಲ ಬೇಡವೇ ಬೇಡ, ಜಿಗಣೆ ಕಾಟಕ್ಕೆ ಯಾರೂ ಒಂದು ಕಡೆ ನಿಂತು ಹುಡುಕುವುದಿಲ್ಲ. ಮಳೆ ನಿಂತ ಮೇಲೆ, ಕುಯ್ಲು ಶುರುವಾಗುವ ಮೊದಲು ಸಿಗುವ ದಿನಗಳು ಚೆನ್ನ.

ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಜೀವಿಧಾಮಗಳು. ನಾಗರಹೊಳೆ ರಾಷ್ಟ್ರೀಯ ಉದ್ಯಾನ. ಅನುಮತಿ ಇಲ್ಲದೆ ಅಲ್ಲಿ ಕಾಲಿಡುವಂತಿಲ್ಲ. ದೇವರಕಾಡಿನಲ್ಲೂ ಆಡಬೇಡಿ, ಅದು ಊರಿನವರ ನಂಬಿಕೆಯ ಜಾಗ. ಆಟದ ದಿನ ಬೆಳಗ್ಗೆ ತೋಟದವರನ್ನು ಆನೆ ಬಂದಿದೆಯೇ ಎಂದು ಕೇಳಿ. ಹತ್ತಿರದಲ್ಲೆಲ್ಲೋ ಇದೆ ಎಂದರೆ ಆಟ ಇನ್ನೊಂದು ದಿನಕ್ಕೆ.

ಡಬ್ಬಿ ಮತ್ತು ಅಂಕಿ

ಬಿಗಿ ಮುಚ್ಚಳದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ‘ಇದು ಆಟದ ಡಬ್ಬಿ’ ಎಂದು ಬರೆದು ಫೋನ್ ನಂಬರ್ ಅಂಟಿಸಿ, ಕೆಲಸದವರು ಕಂಡರೆ ಗಾಬರಿಯಾಗಬಾರದು. ಒಳಗೆ ಪುಟ್ಟ ಪುಸ್ತಕ, ಪೆನ್ಸಿಲ್ ಇರಲಿ. ಇಲ್ಲಿಯ ತೇವಕ್ಕೆ ಪೆನ್ನಿನ ಶಾಯಿ ಹರಡುತ್ತದೆ. ಕೀಚೈನ್, ನಾಣ್ಯದಂಥ ಚಿಕ್ಕ ವಸ್ತು ಇಡಬಹುದು. ಅದನ್ನು ತೆಗೆದುಕೊಂಡವರು ಅಷ್ಟೇ ಬೆಲೆಯದ್ದೊಂದನ್ನು ಹಾಕಬೇಕು. ತಿಂಡಿ ಇಡಬೇಡಿ, ಇರುವೆ, ಮಂಗ, ಕಾಡುಹಂದಿಗೆ ವಾಸನೆ ಸಿಕ್ಕಿಬಿಡುತ್ತದೆ. ಗುಂಡಿ ತೋಡುವುದು, ಮರಕ್ಕೆ ಮೊಳೆ ಹೊಡೆಯುವುದು ಈ ಆಟದಲ್ಲಿ ಇಲ್ಲ.

ಡಬ್ಬಿ ಇಟ್ಟ ಜಾಗದಲ್ಲಿ ಗೂಗಲ್ ಮ್ಯಾಪ್ಸ್ ತೆರೆದು ನೀಲಿ ಚುಕ್ಕಿಯ ಮೇಲೆ ಬೆರಳು ಒತ್ತಿಹಿಡಿಯಿರಿ. 12.4, 75.7 ಎಂದು ಶುರುವಾಗುವಂಥ ಎರಡು ಸಂಖ್ಯೆ ಬರುತ್ತವೆ. ದಶಾಂಶ ಬಿಂದುವಿನ ನಂತರದ ಐದು ಅಂಕಿ ಬರೆದುಕೊಳ್ಳಿ. ಐದನೆಯ ಅಂಕಿಯಲ್ಲಿ ಒಂದು ಹೆಚ್ಚುಕಮ್ಮಿಯಾದರೆ ವ್ಯತ್ಯಾಸ ಸುಮಾರು 1 ಮೀಟರ್. ಆದರೆ ತೋಟಕ್ಕೆ ನೆರಳು ಕೊಡುವ ಸಿಲ್ವರ್ (ಸಿಲ್ವರ್ ಓಕ್) ಮರಗಳ ಕೆಳಗೆ ಫೋನೇ 10 ಮೀಟರ್ ಅಥವಾ ಅದಕ್ಕಿಂತ ಜಾಸ್ತಿ ತಪ್ಪಬಹುದು. ಅದಕ್ಕೆ ಸ್ವಲ್ಪ ಆಚೆ ಹೋಗಿ ವಾಪಸ್ ಬಂದು ಎರಡು ಮೂರು ಸಲ ಅಳೆದು, ನಡುವಿನದ್ದನ್ನು ಹಿಡಿಯಿರಿ.

ನೆಟ್‌ವರ್ಕ್ ಇಲ್ಲ ಎಂಬ ಚಿಂತೆ ಬೇಡ. ಜಿಪಿಎಸ್ ಸಿಗ್ನಲ್ ಉಪಗ್ರಹದಿಂದ ನೇರವಾಗಿ ಬರುತ್ತದೆ, ಅದಕ್ಕೆ ಟವರ್ ಬೇಕಿಲ್ಲ. ಹೊರಡುವ ಮೊದಲು ವೈಫೈ ಇರುವಾಗಲೇ ಆ ಪ್ರದೇಶದ ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡರೆ ಸಾಕು.

ಸುಳಿವು ಮತ್ತು ಹುಡುಕಾಟ

ಅಂಕಿ ನಿಮ್ಮನ್ನು ಹತ್ತಿರಕ್ಕೆ ತಂದು ಬಿಡುತ್ತದೆ, ಡಬ್ಬಿ ಕೈಗೆ ಸಿಗುವುದು ಸುಳಿವಿನಿಂದ. ‘ಮರದ ಹತ್ತಿರ’ ಎಂದರೆ ತೋಟದಲ್ಲಿ ಯಾವ ಮರ? ‘ಮೆಣಸಿನ ಬಳ್ಳಿ ಇಲ್ಲದ ಸಿಲ್ವರ್’ ಎನ್ನಿ. ಆಗ ನೋಡಿ, ಎಲ್ಲರೂ ತಲೆ ಎತ್ತಿ ಮರ ಮರವನ್ನೂ ನೋಡತೊಡಗುತ್ತಾರೆ. ‘ಹಾಲುವಾಣ ನೆಟ್ಟವರು ಇಲ್ಲಿ ಸಾಲು ತಪ್ಪಿದ್ದಾರೆ’ ಎಂದರೆ, ಮುಳ್ಳಿರುವ ಹಾಲುವಾಣ ಮರ ಯಾವುದೆಂದು ತಿಳಿಯದವರು ತಿಳಿದವರನ್ನು ಕೇಳಲೇಬೇಕು. ಬೆಂಗಳೂರಿನಿಂದ ಬಂದವರೂ ತೋಟದಲ್ಲೇ ಬೆಳೆದವರೂ ಒಂದೇ ತಂಡದಲ್ಲಿದ್ದರೆ ಈ ಮಾತುಕತೆಯೇ ಆಟದ ಅರ್ಧ ಸಂತೋಷ. ಕಾಫಿ ಗಿಡದಲ್ಲಿ ಅರೇಬಿಕಾ ಯಾವುದು, ರೊಬಸ್ಟಾ ಯಾವುದು ಎಂದು ಎಲೆಯ ಅಗಲ ನೋಡಿ ಹೇಳುವುದನ್ನು ಹೀಗೆಯೇ ಕಲಿತವರಿದ್ದಾರೆ.

ಎರಡು ತಂಡ ಮಾಡಿ. ಒಂದು ತಂಡ ಬಚ್ಚಿಡಲಿ, ಇನ್ನೊಂದು ಹುಡುಕಲಿ, ಆಮೇಲೆ ಅದಲು ಬದಲು. ತಂಡಕ್ಕೆ ಒಂದೇ ಫೋನ್ ತೆರೆದಿರಲಿ, ಅದನ್ನು ಸರದಿಯಂತೆ ಹಿಡಿಯಿರಿ. ಕೊನೆಯ ಹತ್ತಿಪ್ಪತ್ತು ಹೆಜ್ಜೆಯಲ್ಲಿ ಅದನ್ನೂ ಜೇಬಿಗೆ ಹಾಕಿ. ಸುಮ್ನೆ ನಿಂತು, ಇದ್ದಕ್ಕಿದ್ದಂತೆ ಜೋಡಿಸಿಟ್ಟ ಹಾಗೆ ಕಾಣುವ ಕಲ್ಲು, ಒಂದೇ ಕಡೆ ಗುಡ್ಡೆಯಾದ ತರಗೆಲೆ ಗಮನಿಸಿ. ಪೊಟರೆಗೆ, ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಹಾವಿರಬಹುದು. ಕೋಲಿನಿಂದ ಕೆದಕಿ ನೋಡಿ.

ಸಿಕ್ಕ ಮೇಲೆ ಎಲ್ಲರೂ ಪುಸ್ತಕದಲ್ಲಿ ಹೆಸರು, ತಾರೀಕು ಬರೆಯಿರಿ. ಬಿಸಿಲು ಇಳಿಯುವ ಮೊದಲೇ ಆಟ ಮುಗಿಸಿ ಡಬ್ಬಿಗಳನ್ನು ಎಣಿಸಿ. ಸಿಗದೇ ಉಳಿದದ್ದನ್ನು ಬಚ್ಚಿಟ್ಟವರೇ ತರಬೇಕು. ಹಿಂದಿರುಗುವಾಗ ದಾರಿಯಲ್ಲಿ ಕಂಡ ಕಸ ಹೆಕ್ಕುವ ರೂಢಿ ಜಗತ್ತಿನ ಹಲವು ಕಡೆಯ ಜಿಯೋಕ್ಯಾಚರ್‌ಗಳಲ್ಲಿದೆ. ಅದಕ್ಕೊಂದು ಖಾಲಿ ಚೀಲ ಜೊತೆಗಿರಲಿ.