ಚಿಕ್ಕಮಗಳೂರಿನಲ್ಲಿ ಹವಳದ ತೊಟ್ಟಿ: ಮಳೆಗಾಲ ದಾಟಿಸುವ ಬಗೆ

ಸಮುದ್ರದ ಮೀನು ಸಾಕುತ್ತೇನೆ ಅಂದರೆ ಬೆಂಗಳೂರಿನವರೂ ಮಂಗಳೂರಿನವರೂ ಮೊದಲು ಕೇಳುವುದು ನೀರು ತಂಪು ಮಾಡುವ ಚಿಲ್ಲರ್ ಯಾವುದು ಅಂತ. ಚಿಕ್ಕಮಗಳೂರಿನ ಮನೆಯಲ್ಲಿ ನನ್ನ ತೊಟ್ಟಿಗೆ ಚಿಲ್ಲರ್ ಇಲ್ಲ. ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ ಸಂಪ್ (ದೊಡ್ಡ ತೊಟ್ಟಿಯ ಕೆಳಗಿನ ಫಿಲ್ಟರ್ ತೊಟ್ಟಿ) ಮೇಲೆ ಎರಡು ಸಣ್ಣ ಫ್ಯಾನ್ ತಿರುಗಿದರೆ ನೀರು 26–27 ಡಿಗ್ರಿಯಲ್ಲಿ ನಿಲ್ಲುತ್ತದೆ. ಇಲ್ಲಿ ತೊಟ್ಟಿಯನ್ನು ಕಾಡುವುದು ಜೂನ್‌ನಿಂದ ಸೆಪ್ಟೆಂಬರ್. ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಗುತ್ತದೆ, ಕಿಟಕಿಗಳು ವಾರಗಟ್ಟಲೆ ಮುಚ್ಚಿರುತ್ತವೆ, ತೇವದ ಗಾಳಿಗೆ ನೀರು ಆವಿಯಾಗುವುದೇ ಕಡಿಮೆಯಾಗುತ್ತದೆ, ಮಳೆ ಹಿಡಿಯುವ ಮುಂಚೆ ಸುತ್ತಲ ತೋಟಗಳಲ್ಲಿ ಮೈಲುತುತ್ತ ಹೊಡೆಯುತ್ತಾರೆ. ಮಲೆನಾಡಿನಲ್ಲಿ ತೊಟ್ಟಿ ಕಟ್ಟುವವರು ಪ್ರತಿ ಸಾಮಾನನ್ನೂ ಈ ನಾಲ್ಕು ತಿಂಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಆರಿಸಬೇಕು.

ತೊಟ್ಟಿಯ ಅಳತೆ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. 12 ಮಿಲಿಮೀಟರ್ ಗಾಜು, ಮೇಲೆ ಸುತ್ತಲೂ ಗಾಜಿನ ಪಟ್ಟಿ. ಬಾಯಿಮಟ್ಟ ತುಂಬಿದರೆ 680 ಲೀಟರ್. ಕಲ್ಲು ತೆಗೆದುಕೊಂಡ ಜಾಗ ಕಳೆದು, ಕೆಳಗಿನ ಸಂಪ್ ಸೇರಿಸಿದರೆ ಓಡಾಡುವ ನೀರು ಸುಮಾರು 720 ಲೀಟರ್. ಔಷಧಿಯ ಲೆಕ್ಕಕ್ಕೂ ಉಪ್ಪಿನ ಲೆಕ್ಕಕ್ಕೂ ಹಿಡಿಯಬೇಕಾದದ್ದು ಈ ಎರಡನೆಯ ಸಂಖ್ಯೆ. ಗಾಜೇ 120 ಕಿಲೋ ಮೇಲಿದೆ. ನೀರು, ಕಲ್ಲು, ಸ್ಟ್ಯಾಂಡ್ ಎಲ್ಲ ಕೂಡಿ ಒಂದು ಟನ್ ಹತ್ತಿರ ಬರುತ್ತದೆ. ಹಾಗಾಗಿ ನೆಲಮಹಡಿಯೇ ಸರಿ. ಹಳೆಯ ಮನೆಯ ಮರದ ಅಟ್ಟದ ಮೇಲೆ ಇದನ್ನು ಇಡುವ ಯೋಚನೆಯೇ ಬೇಡ. ಕಬ್ಬಿಣದ ಸ್ಟ್ಯಾಂಡ್ ಆದರೆ ಗ್ಯಾಲ್ವನೈಸ್ ಮಾಡಿಸಿದ್ದಿರಲಿ. ಬರೀ ಪೇಂಟ್ ಬಳಿದದ್ದು ಉಪ್ಪು ಮತ್ತು ಮಳೆಗಾಲದ ತೇವ ಎರಡೂ ಸೇರಿ ಬೆಸುಗೆಯ ಜಾಗದಿಂದ ತುಕ್ಕು ಹಿಡಿಯಲು ಶುರುವಾಗುತ್ತದೆ.

ಕರೆಂಟು ಹೋದಾಗ ಮೇಲಿನ ನೀರು ಸಂಪ್‌ಗೆ ಇಳಿಯುತ್ತದೆ. ಈ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ಮಟ್ಟ ಇಳಿದರೆ 11 ಲೀಟರ್. ಕೆಳಗಿನ ನೀರನ್ನು ಪಂಪಿನಿಂದ ಮೇಲೆ ತರುವ ರಿಟರ್ನ್ ಪೈಪಿನ ಬಾಯಿ ನೀರಿನ ಮಟ್ಟದಿಂದ 4 ಸೆಂಟಿಮೀಟರ್ ಕೆಳಗಿದ್ದರೆ 45 ಲೀಟರ್ ಇಳಿದೇ ಇಳಿಯುತ್ತದೆ, ಅಷ್ಟು ಜಾಗ ಸಂಪ್‌ನಲ್ಲಿ ಸದಾ ಖಾಲಿ ಇರಬೇಕು. ನೀರು ತಾನೇ ಹಿಂದಕ್ಕೆ ಇಳಿಯುವುದನ್ನು (ಸೈಫನ್) ತಡೆಯಲು ಪೈಪಿಗೆ ಕೊರೆದ ತೂತನ್ನು ನಂಬಿ ಕೂರಬಾರದು. ಪಾಚಿಯೋ ಬಸವನಹುಳವೋ ಅದನ್ನು ಮುಚ್ಚಿಬಿಡುತ್ತದೆ. ಮೇ ಕೊನೆಯಲ್ಲಿ ಒಮ್ಮೆ ಮೇನ್ ಆಫ್ ಮಾಡಿ, ಸಂಪ್ ಎಲ್ಲಿಯವರೆಗೆ ಏರುತ್ತದೆ ಎಂದು ನೋಡಿ ಗೆರೆ ಎಳೆದಿಡುತ್ತೇನೆ. ಪ್ಲಗ್‌ಗಳೆಲ್ಲ ಸಂಪ್‌ಗಿಂತ ಮೇಲೆ, ಗೋಡೆಗೆ. ಪ್ರತಿ ವೈರೂ ಪ್ಲಗ್‌ಗಿಂತ ಕೆಳಗೆ ಒಂದು ಬಾಗು ತೆಗೆದುಕೊಂಡು ಬರಬೇಕು, ತೊಟ್ಟಿಕ್ಕಿದ ನೀರು ಆ ಬಾಗಿನಲ್ಲೇ ಬೀಳುತ್ತದೆ. ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದೆ ಉಪ್ಪುನೀರಿಗೆ ಕೈ ಹಾಕಬೇಡಿ.

ನೀರಿನ ವಿಷಯ. ನಲ್ಲಿ ನೀರಾಗಲಿ ಬೋರ್‌ವೆಲ್ ನೀರಾಗಲಿ ನೇರ ಬಳಸುವಂತಿಲ್ಲ. ಅಡುಗೆಮನೆಯ ಆರ್‌ಒ ಕೂಡ ಸಾಲದು, ಅದರಲ್ಲಿ ರುಚಿಗೆ ಬೇಕೆಂದು ಲವಣ ವಾಪಸ್ ಸೇರಿಸುತ್ತಾರೆ. ಸೆಡಿಮೆಂಟ್, ಕಾರ್ಬನ್, ದಿನಕ್ಕೆ 75 ಗ್ಯಾಲನ್ ಕೊಡುವ ಮೆಂಬ್ರೇನ್, ಕೊನೆಗೆ ಉಳಿದ ಲವಣ ಹಿಡಿಯುವ ಡಿಐ ರೆಸಿನ್, ಈ ನಾಲ್ಕೂ ಬೇಕು. ಹೊರಬರುವ ನೀರಿನ ಟಿಡಿಎಸ್ (ಕರಗಿದ ಲವಣಾಂಶ) ಸೊನ್ನೆ ಇರಬೇಕು. ಮೆಂಬ್ರೇನ್ ಮೇಲೆ ಬರೆದ ಪ್ರಮಾಣ 25 ಡಿಗ್ರಿ ನೀರಿನದು. ಒಂದೊಂದು ಡಿಗ್ರಿ ಇಳಿದಂತೆ ಸುಮಾರು 3 ಶೇಕಡ ಕಡಿಮೆ ನೀರು ಬರುತ್ತದೆ, ಡಿಸೆಂಬರಿನಲ್ಲಿ ಮೆಂಬ್ರೇನ್ ಕೆಟ್ಟಿತೆಂದು ಬದಲಿಸಲು ಹೋಗಬೇಡಿ. ಮಳೆಗಾಲದ ಕೆಂಪುನೀರಿಗೆ ಸೆಡಿಮೆಂಟ್ ಫಿಲ್ಟರ್ ಮೂರು ತಿಂಗಳು ಬರುವುದು ಮೂರು ವಾರಕ್ಕೇ ಕಟ್ಟುತ್ತದೆ. ಮೇ ತಿಂಗಳಲ್ಲೇ ನಾಲ್ಕೈದು ತಂದಿಟ್ಟುಕೊಂಡರೆ ಒಳ್ಳೆಯದು.

ವಾರಕ್ಕೆ 70 ಲೀಟರ್ ನೀರು ಬದಲಿಸುತ್ತೇನೆ. ಲೀಟರ್‌ಗೆ 36–38 ಗ್ರಾಂ ಸಿಂಥೆಟಿಕ್ ಉಪ್ಪು, ಅಂದರೆ ಸುಮಾರು ಎರಡೂವರೆ ಕಿಲೋ. ನೀರಿಗೆ ಉಪ್ಪು ಹಾಕಬೇಕು, ಉಪ್ಪಿಗೆ ನೀರು ಹಾಕಬಾರದು. ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳಕ್ಕೆ ಕೂತರೆ ಮತ್ತೆ ಕರಗುವುದಿಲ್ಲ. ಪಂಪಿನಲ್ಲಿ ಕಲಕಿ, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ 35 (ಸಾವಿರಕ್ಕೆ 35 ಪಾಲು) ತೋರಿಸಿದ ಮೇಲೆ ತೊಟ್ಟಿಯ ಬಿಸಿಗೆ ತಂದು ಹಾಕುವುದು. ಆ ರಿಫ್ರ್ಯಾಕ್ಟೋಮೀಟರನ್ನು 35ರ ಸ್ಟ್ಯಾಂಡರ್ಡ್ ದ್ರಾವಣದಲ್ಲೇ ಸರಿಮಾಡಿ. ಬರೀ ಶುದ್ಧ ನೀರಲ್ಲಿ ಸೊನ್ನೆಗೆ ತಂದರೆ ಮೇಲಿನ ತುದಿಯಲ್ಲಿ ತಪ್ಪು ಉಳಿಯಬಹುದು. ಉಪ್ಪಿನ ಚೀಲ ಬಿಚ್ಚಿಟ್ಟರೆ ಜುಲೈಯಲ್ಲಿ ಬೆಲ್ಲದಚ್ಚಿನ ಹಾಗೆ ಗಟ್ಟಿಯಾಗುತ್ತದೆ, ಹಾಗಾದದ್ದರಲ್ಲಿ ಆಲ್ಕಲಿನಿಟಿ (ಪಿಎಚ್ ಬೀಳದಂತೆ ಹಿಡಿದಿಡುವ ಕಾರ್ಬೊನೇಟ್ ಅಂಶ) ಕಡಿಮೆ ಬರುತ್ತದೆ. ತಂದ ದಿನವೇ ಎರಡೂವರೆ ಕಿಲೋದಂತೆ ತೂಗಿ, ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ಗಾಳಿ ತೆಗೆದು ಕಟ್ಟಿಡುತ್ತೇನೆ.

ಚಾರ್ಮಾಡಿ ಇಳಿದರೆ ಸಮುದ್ರವೇ ಇದೆಯಲ್ಲ, ನೀರು ತರಬಾರದೇ ಎಂದು ಕೇಳುವವರಿದ್ದಾರೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳ ನೀರು ಸೇರಿ ದಡದ ಉಪ್ಪಿನಂಶ ಇಳಿದಿರುತ್ತದೆ, ಕೆಸರೂ ಇರುತ್ತದೆ. ಬೇಕಾದಾಗ ಸಿಗದ ನೀರನ್ನು ನಂಬಿ ತೊಟ್ಟಿ ನಡೆಸಲಾಗದು.

ಕಲ್ಲು ಮತ್ತು ಹವಳದ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಕಲ್ಲಿನ ಗೂಡು ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನಮ್ಮ ಕಡಲಿನಿಂದ ಕಿತ್ತು ತಂದ ಹವಳವನ್ನೋ ಹವಳದ ದಿಬ್ಬದಿಂದ ಒಡೆದ, ಜೀವಿಗಳು ಅಂಟಿರುವ ಕಲ್ಲು ‘ಲೈವ್ ರಾಕ’ನ್ನೋ ಯಾರು ಮಾರಿದರೂ ಕೊಳ್ಳಬಾರದು. ನನ್ನ ತೊಟ್ಟಿಯಲ್ಲಿರುವುದು ಮೃದು ಹವಳಗಳು: ಜೋವಾಂತಿಡ್, ಮಶ್ರೂಮ್, ಲೆದರ್. ಎಲ್ಲವೂ ಬೇರೆ ಸಾಕಣೆದಾರರು ತಮ್ಮ ತೊಟ್ಟಿಯಲ್ಲಿ ಬೆಳೆಸಿ ಕತ್ತರಿಸಿ ಕೊಟ್ಟ ತುಂಡುಗಳಿಂದ ಬೆಳೆದವು. ಜೋವಾಂತಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರಬಹುದು. ಕತ್ತರಿಸುವಾಗ ಕೈಗವಸು, ಕನ್ನಡಕ ಹಾಕಿ. ಅವು ಅಂಟಿದ ಕಲ್ಲನ್ನು ಬಿಸಿನೀರಲ್ಲಿ ಕುದಿಸುವುದಂತೂ ಎಂದೂ ಬೇಡ, ಆ ಹಬೆ ಶ್ವಾಸಕೋಶಕ್ಕೆ ಹೋಗುತ್ತದೆ.

ಕಲ್ಲು ಮನೆಯಲ್ಲೇ ಎರಕ ಹೊಯ್ದದ್ದು. ಒಂದು ಪಾಲು ಪೋರ್ಟ್‌ಲ್ಯಾಂಡ್ ಸಿಮೆಂಟ್, ಮೂರು ಪಾಲು ಚಿಪ್ಪಿನ ತರಿ, ಒಂದು ಪಾಲು ಕಲ್ಲುಪ್ಪು. ಒಣಗಿದ ಮೇಲೆ ನೀರಲ್ಲಿ ಮುಳುಗಿಸಿದರೆ ಕಲ್ಲುಪ್ಪು ಕರಗಿ ರಂಧ್ರಗಳು ಉಳಿಯುತ್ತವೆ. ವಾರಕ್ಕೊಮ್ಮೆ ನೀರು ಬದಲಿಸುತ್ತ ಎಂಟು ವಾರ ನೆನೆಸಬೇಕು. ಎರಡು ದಿನ ನಿಂತ ನೀರಿನ ಪಿಎಚ್ 8.5ಕ್ಕಿಂತ ಕೆಳಗಿದ್ದರೆ ಮಾತ್ರ ತೊಟ್ಟಿಗೆ. ಆಮೇಲೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಸಲು ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾ 2 ಪಿಪಿಎಂಗೆ ತಂದು, ದೀಪ ಆರಿಸಿ, 27 ಡಿಗ್ರಿಯಲ್ಲಿ ಬಿಡುವುದು. ಹಾಕಿದ 2 ಪಿಪಿಎಂ 24 ಗಂಟೆಯಲ್ಲಿ ಅಮೋನಿಯಾವೂ ನೈಟ್ರೈಟೂ ಇಲ್ಲದಂತೆ ಕರಗುವವರೆಗೆ ಮೀನು ಇಲ್ಲ. ನಾಲ್ಕರಿಂದ ಆರು ವಾರ, ಚಳಿಗಾಲದಲ್ಲಿ ಇನ್ನೂ ಹೆಚ್ಚು.

ಈಗ ಸುಣ್ಣ. ಕಲ್ಲಿನ ಮೇಲೆ ಸುಣ್ಣ ಕಟ್ಟುವ ಕೆಂಪು ಪಾಚಿಯ ಪದರ, ಬಸವನಹುಳ, ಹವಳ ಎಲ್ಲ ಸೇರಿ ದಿನಕ್ಕೆ ಸುಮಾರು ಅರ್ಧ ಡಿಕೆಎಚ್ (ಆಲ್ಕಲಿನಿಟಿ ಅಳೆಯುವ ಮಾನ) ಆಲ್ಕಲಿನಿಟಿ ತಿನ್ನುತ್ತವೆ. ಅದನ್ನು ತುಂಬಲು ಸುಣ್ಣದ ತಿಳಿನೀರಿಗಿಂತ ಸರಳವಾದದ್ದು ಇಲ್ಲ. ಎಲೆಅಡಿಕೆಯ ಸುಣ್ಣವೂ ಮೂಲದಲ್ಲಿ ಇದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಆದರೆ ಅದರಲ್ಲಿ ಏನೇನು ಬೆರೆತಿದೆ ಎಂದು ಹೇಳಲಾಗದು. ಲ್ಯಾಬ್ ದರ್ಜೆಯ ಪುಡಿಯನ್ನೇ ಕೊಳ್ಳಿ. ಬೇಸಿಗೆಯಲ್ಲಿ ನನ್ನ ತೊಟ್ಟಿಯಿಂದ ದಿನಕ್ಕೆ 6 ಲೀಟರ್ ಆವಿಯಾಗುತ್ತದೆ. ಆ ಜಾಗ ತುಂಬುವ ಡಿಐ ನೀರಿಗೆ ಲೀಟರ್‌ಗೆ 0.75 ಗ್ರಾಂ ಸುಣ್ಣ ಹಾಕಿ, ತಳಕ್ಕೆ ಕೂತ ಮೇಲೆ ತಿಳಿಯನ್ನು ಬಸಿದು ಕೊಟ್ಟರೆ ಅರ್ಧ ಡಿಕೆಎಚ್ ಸರಿಹೋಗುತ್ತದೆ. ಈ ಲೆಕ್ಕ ಜೂನ್ ಎರಡನೆಯ ವಾರ ಕೆಡುತ್ತದೆ. ಆವಿಯಾಗುವುದು 2–2.5 ಲೀಟರ್‌ಗೆ ಇಳಿಯುತ್ತದೆ, ತೊಟ್ಟಿಗೆ ಹೋಗುವ ಸುಣ್ಣವೂ ಮೂರನೇ ಒಂದು ಪಾಲಾಗುತ್ತದೆ, ಹವಳ ತಿನ್ನುವುದು ಮಾತ್ರ ಅಷ್ಟೇ. ಎರಡು ವಾರದಲ್ಲಿ 8.5 ಇದ್ದ ಆಲ್ಕಲಿನಿಟಿ 6ಕ್ಕಿಂತ ಕೆಳಗೆ ಬರಬಹುದು. ಮಳೆಗಾಲದಲ್ಲಿ ಲೆದರ್ ಮುದುಡಿತು, ಕೆಂಪು ಪಾಚಿ ಬಿಳಿಚಿತು ಎನ್ನುವವರು ಮೊದಲು ಅಳೆಯಬೇಕಾದದ್ದು ಇದನ್ನೇ.

ಮಳೆ ಹಿಡಿದ ಕೂಡಲೇ ನಾನು ಸುಣ್ಣವನ್ನು ಲೀಟರ್‌ಗೆ 1.5 ಗ್ರಾಂಗೆ ಏರಿಸುತ್ತೇನೆ. ಅದಕ್ಕಿಂತ ಹೆಚ್ಚು ಹಾಕಿದರೂ ಬಹುಪಾಲು ಕರಗುವುದಿಲ್ಲ. ಉಳಿದ ಕೊರತೆ ಸೋಡಾದಿಂದ: 720 ಲೀಟರ್ ನೀರಲ್ಲಿ ಒಂದು ಡಿಕೆಎಚ್ ಏರಿಸಲು 22 ಗ್ರಾಂ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಆಮ್ಲ ಬೆರೆತಿರುತ್ತದೆ. ಈ ಸೋಡಾವನ್ನು ಓವನ್‌ನಲ್ಲಿ 200 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿಕೊಂಡರೆ ಪಿಎಚ್ ಅನ್ನೂ ಎತ್ತುತ್ತದೆ. ಮಳೆಗಾಲಕ್ಕೆ ಬೇಕಾದದ್ದು ಅದೇ, ಏಕೆಂದರೆ ಮುಚ್ಚಿದ ಮನೆಯಲ್ಲಿ ನಮ್ಮ ಉಸಿರು, ಗ್ಯಾಸ್ ಒಲೆ, ಬಚ್ಚಲೊಲೆ ಎಲ್ಲದರ ಇಂಗಾಲದ ಡೈಆಕ್ಸೈಡ್ ನೀರಿಗೆ ಇಳಿದು ಬೆಳಗಿನ ಪಿಎಚ್ 7.8ಕ್ಕೆ ಬಂದಿರುತ್ತದೆ. ಒಂದು ದಿನಕ್ಕೆ ಒಂದು ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ. ಸುಣ್ಣದ ನೀರನ್ನು ರಾತ್ರಿ, ಟೈಮರ್ ಇಟ್ಟ ಸಣ್ಣ ಡೋಸಿಂಗ್ ಪಂಪಿನಿಂದ ತೊಟ್ಟು ತೊಟ್ಟಾಗಿ ಕೊಡಿ. ಫ್ಲೋಟ್ ಸ್ವಿಚ್ ಒಂದನ್ನೇ ನಂಬಿದರೆ, ಅದು ಅಂಟಿಕೊಂಡ ದಿನ ಇಡೀ ಡ್ರಮ್ ಸುಣ್ಣ ಒಮ್ಮೆಲೇ ಒಳಗೆ ಹೋಗಿ ನೀರು ಹಾಲಿನ ಹಾಗಾಗುತ್ತದೆ. ನನ್ನ ಸುಣ್ಣದ ಡ್ರಮ್ ಹತ್ತೇ ಲೀಟರ್‌ನದು, ಅದೂ ಇದೇ ಕಾರಣಕ್ಕೆ.

ಪಿಎಚ್ ಎತ್ತಲು ಇನ್ನೊಂದು ದಾರಿ, ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್‌ನ ಗಾಳಿ ಕೊಳವೆಯನ್ನು ಕಿಟಕಿಯಿಂದ ಹೊರಗೆ ಬಿಡುವುದು. ಹೊರಗಿನ ಗಾಳಿ ಸಿಕ್ಕರೆ ಪಿಎಚ್ 0.1–0.2 ಏರುತ್ತದೆ. ನಮ್ಮೂರಲ್ಲಿ ಇದಕ್ಕೊಂದು ಎಚ್ಚರ ಬೇಕು. ಮಳೆಗೆ ಮುಂಚೆ ಕಾಫಿಯ ಎಲೆ ತುಕ್ಕಿಗೆ 0.5 ಶೇಕಡ, ಅಡಿಕೆಯ ಕೊಳೆರೋಗಕ್ಕೆ 1 ಶೇಕಡ ಬೋರ್ಡೋ ದ್ರಾವಣ ಹೊಡೆಯುತ್ತಾರೆ; 1 ಶೇಕಡ ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಬಸವನಹುಳ, ಸೀಗಡಿ, ಹವಳ ಇವಕ್ಕೆ ತಾಮ್ರ ಕಣದಷ್ಟಿದ್ದರೂ ಸಾವು. ಸಿಂಪಡಣೆಯ ದಿನಗಳಲ್ಲಿ ಕೊಳವೆಯನ್ನು ಒಳಗೆ ಎಳೆದುಕೊಳ್ಳಿ. ಬೋರ್ಡೋ ಕಲಸಿದ ಬಕೆಟ್, ಮಗ್ಗು, ಕೈ ಯಾವುದೂ ತೊಟ್ಟಿಯ ಹತ್ತಿರ ಬರಬಾರದು. ತೊಟ್ಟಿಯ ಬಕೆಟ್‌ಗಳಿಗೆ ನಾನು ಬಿಳಿ ಬಣ್ಣವನ್ನೇ ಗೊತ್ತು ಮಾಡಿದ್ದೇನೆ, ಮನೆಯಲ್ಲಿ ಬೇರೆ ಯಾವ ಕೆಲಸಕ್ಕೂ ಬಿಳಿ ಬಕೆಟ್ ಇಲ್ಲ.

ಕರೆಂಟು ಹೋದಾಗ ಮೀನು ಸಾಯುವುದು ಉಸಿರಿಲ್ಲದೆ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ಉಪ್ಪುನೀರು ಲೀಟರ್‌ಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. ಚಿಕ್ಕಮಗಳೂರು ಸಾವಿರ ಮೀಟರ್‌ಗೂ ಮೇಲಿದೆ. ಇಲ್ಲಿ ಗಾಳಿಯೊತ್ತಡ ಕಡಿಮೆ, ಹಿಡಿಯುವುದು 6ರ ಆಸುಪಾಸು. ಅಂದರೆ ನಮ್ಮ ತೊಟ್ಟಿಗೆ ಮೊದಲೇ ಹತ್ತಕ್ಕೆ ಒಂದು ಪಾಲು ಉಸಿರು ಕಡಿಮೆ. ಮಂಗಳೂರಿನಲ್ಲಿ ಇಷ್ಟು ನೀರಿಗೆ ಹದಿನೈದು ಮೀನು ನಡೆಯುತ್ತಿದ್ದರೆ ಇಲ್ಲಿ ಹನ್ನೆರಡಕ್ಕೆ ನಿಲ್ಲಿಸುವುದು ನನ್ನ ಪದ್ಧತಿ.

ಬ್ಯಾಕಪ್‌ನಲ್ಲಿ ಮೊದಲ ಹಕ್ಕು ನೀರಿನ ಮೇಲ್ಮೈಯನ್ನು ಕಲಕುವ ವೇವ್‌ಮೇಕರ್‌ಗೆ. ಆಮೇಲೆ ರಿಟರ್ನ್ ಪಂಪ್, ಆಮೇಲೆ ಹೀಟರ್; ದೀಪಕ್ಕೆ ಇಲ್ಲವೇ ಇಲ್ಲ. 150 ಆಂಪಿಯರ್-ಅವರ್‌ನ 12 ವೋಲ್ಟ್ ಟ್ಯೂಬುಲರ್ ಬ್ಯಾಟರಿ ಕಾಗದದ ಮೇಲೆ 1,800 ವ್ಯಾಟ್-ಅವರ್. ಪೂರ್ತಿ ಬರಿದು ಮಾಡದೆ, ಇನ್ವರ್ಟರ್ ನಷ್ಟವನ್ನೂ ಕಳೆದರೆ ಕೈಗೆ ಸಿಗುವುದು 1,100ರಷ್ಟು. ರಿಟರ್ನ್ 45 ವ್ಯಾಟ್, ವೇವ್‌ಮೇಕರ್ ಎರಡಕ್ಕೆ 30 ವ್ಯಾಟ್. ಹದಿನಾಲ್ಕು ಗಂಟೆ ಸಲೀಸು. ನಾಲ್ಕು ಗಂಟೆ ದಾಟಿದರೂ ಕರೆಂಟು ಬರದಿದ್ದರೆ ರಿಟರ್ನ್ ನಿಲ್ಲಿಸಿ ವೇವ್‌ಮೇಕರ್ ಒಂದನ್ನೇ ಉಳಿಸುತ್ತೇನೆ, ಆಗ ಎರಡು ದಿನ ತಳ್ಳಬಹುದು. ಅಷ್ಟೂ ಹೊತ್ತು ಮೀನಿಗೆ ಆಹಾರ ಹಾಕಬೇಡಿ. ಆರೋಗ್ಯವಾಗಿರುವ ಮೀನು ಮೂರು ದಿನ ಉಪವಾಸ ತಡೆಯುತ್ತದೆ.

ಬಿಸಿಯ ಬಗ್ಗೆ ಗಾಬರಿ ಬೇಡ. ಈ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 0.8 ಯೂನಿಟ್ ಬೇಕು, ಇಳಿಯುವಾಗಲೂ ಅಷ್ಟೇ ನಿಧಾನ. ತೊಟ್ಟಿಯ ನಾಲ್ಕೂ ಬದಿಗೆ ಕಂಬಳಿ ಸುತ್ತಿ ಮೇಲ್ಭಾಗ ತೆರೆದಿಟ್ಟರೆ ಜುಲೈಯ ಒಂದು ರಾತ್ರಿಗೆ ಇಳಿಯುವುದು ಒಂದೆರಡು ಡಿಗ್ರಿ. ಹೀಟರ್ 300 ವ್ಯಾಟ್‌ನವು ಎರಡು. ಹೊರಗಿನ ಕಂಟ್ರೋಲರ್ 25.5ಕ್ಕೆ, ಹೀಟರ್‌ಗಳ ಸ್ವಂತ ಡಯಲ್ 27ಕ್ಕೆ. ಒಂದರ ರಿಲೇ ಅಂಟಿಕೊಂಡರೂ ಇನ್ನೊಂದು ತಡೆಯುತ್ತದೆ, ತೊಟ್ಟಿ ಬೇಯುವುದಿಲ್ಲ.

ಮೀನಿನ ಆರೋಗ್ಯ ಅರ್ಧಕ್ಕರ್ಧ ಕ್ವಾರಂಟೈನ್ ತೊಟ್ಟಿಯಲ್ಲೇ ತೀರ್ಮಾನವಾಗುತ್ತದೆ. 100 ಲೀಟರ್, ಬರಿ ಗಾಜು, ಅಡಗಲು ಪಿವಿಸಿ ಎಲ್ಬೋ, ಒಂದು ತಿಂಗಳು ಸಂಪ್‌ನಲ್ಲಿ ಬಿದ್ದು ಬ್ಯಾಕ್ಟೀರಿಯಾ ಕೂಡಿಸಿಕೊಂಡ ಸ್ಪಂಜ್ ಫಿಲ್ಟರ್. ಮರಳು, ಕಲ್ಲು ಬೇಡ, ಇಲ್ಲಿ ಮದ್ದಾಗಿ ಹಾಕುವ ತಾಮ್ರವನ್ನು ಹೀರುತ್ತವೆ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬರುವ ಚೀಲದಲ್ಲಿ ಮೀನಿನ ಉಸಿರಿನಿಂದ ಪಿಎಚ್ ಇಳಿದು, ಅಮೋನಿಯಾ ಬಹುಪಾಲು ನಿರುಪದ್ರವಿ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹಾರಿ ಪಿಎಚ್ ಏರುತ್ತದೆ, ಅಮೋನಿಯಂ ವಿಷವಾಗಿ ತಿರುಗುತ್ತದೆ. ಆದ್ದರಿಂದ ಗಂಟೆಗಟ್ಟಲೆ ಹನಿ ಹನಿ ನೀರು ಬಿಟ್ಟು ಹೊಂದಿಸುವುದು ದೂರದಿಂದ ಬಂದ ಮೀನಿಗೆ ಅಪಾಯ. ಮಾರುವವರನ್ನು ಕೇಳಿ ಅವರ ನೀರಿನ ಸಾಪೇಕ್ಷ ಸಾಂದ್ರತೆ (ಉಪ್ಪು ಹೆಚ್ಚಿದಂತೆ ಏರುವ ಸಂಖ್ಯೆ) ತಿಳಿದುಕೊಳ್ಳಿ, ಎಷ್ಟೋ ಕಡೆ 1.018–1.020 ಇಟ್ಟಿರುತ್ತಾರೆ. ಕ್ವಾರಂಟೈನ್ ತೊಟ್ಟಿಯನ್ನು ಅದಕ್ಕೇ ತಂದಿಟ್ಟು, ಚೀಲ 20 ನಿಮಿಷ ತೇಲಿಸಿ, ಬಿಚ್ಚಿದ ಕೂಡಲೇ ಮೀನನ್ನು ಮಾತ್ರ ಎತ್ತಿ ಬಿಡಿ. ಆಮೇಲೆ ನಾಲ್ಕೈದು ದಿನದಲ್ಲಿ ನಿಧಾನವಾಗಿ 1.025ಕ್ಕೆ.

ಉಪ್ಪಿನ ಹರಳು ಅಂಟಿದಂತೆ ಬಿಳಿ ಚುಕ್ಕೆ ಕಂಡರೆ ಅದು ಕ್ರಿಪ್ಟೊಕ್ಯಾರಿಯಾನ್ ಎಂಬ ಪರಾವಲಂಬಿ. ಹಿಟ್ಟು ಉದುರಿಸಿದಂತೆ ಕಂಡು, ಮೀನು ಏದುಸಿರು ಬಿಡುತ್ತಿದ್ದರೆ ವೆಲ್ವೆಟ್, ಅದು ಎರಡು ಮೂರು ದಿನದಲ್ಲಿ ಕೊಲ್ಲುತ್ತದೆ. ಎರಡಕ್ಕೂ ಮದ್ದು, ಕ್ವಾರಂಟೈನ್ ತೊಟ್ಟಿಯಲ್ಲಿ ಮಾತ್ರ, ಚೀಲೇಟೆಡ್ (ಬೇರೆ ಅಣುವಿಗೆ ಕಟ್ಟಿದ) ತಾಮ್ರ, 2.25–2.5 ಪಿಪಿಎಂ, 30 ದಿನ, ಡಿಜಿಟಲ್ ಮೀಟರ್‌ನಲ್ಲಿ ದಿನವೂ ಅಳೆದು. ತೋಟದ ಅಂಗಡಿಯ ಮೈಲುತುತ್ತ ಇಲ್ಲಿಗೆ ಆಗದು, ಪ್ರಮಾಣ ಹಿಡಿತಕ್ಕೆ ಸಿಗುವುದಿಲ್ಲ. ತಾಮ್ರ ಇರುವಾಗ ಅಮೋನಿಯಾ ಇಳಿಸುವ ಕಂಡೀಷನರ್ ಹಾಕಬೇಡಿ, ಕೆಲವು ತಾಮ್ರವನ್ನು ಇನ್ನಷ್ಟು ವಿಷವಾಗಿಸುತ್ತವೆ, ನೀರನ್ನೇ ಬದಲಿಸಿ. ತಾಮ್ರ ಕೊಲ್ಲುವುದು ಈಜುವ ಹಂತದ ಪರಾವಲಂಬಿಯನ್ನು ಮಾತ್ರ. ಮೀನಿನ ಚರ್ಮದೊಳಗಿರುವುದೂ ತಳದಲ್ಲಿ ಕೋಶ ಕಟ್ಟಿ ಕೂತದ್ದೂ ಉಳಿಯುತ್ತದೆ. ಚುಕ್ಕೆ ಮಾಯವಾದ ಐದನೇ ದಿನಕ್ಕೆ ನಿಲ್ಲಿಸಿದವರಿಗೆ ರೋಗ ಮರಳುವುದು ಅದಕ್ಕೇ. ದೊಡ್ಡ ತೊಟ್ಟಿಗೇ ರೋಗ ಬಂದರೆ ಅಲ್ಲಿನ ಎಲ್ಲ ಮೀನನ್ನೂ ಹೊರತೆಗೆದು 76 ದಿನ ಮೀನಿಲ್ಲದೆ ಬಿಡಬೇಕು. ಹವಳಕ್ಕೆ ಪ್ರತಿದಿನ ಚಿಟಿಕೆ ಆಹಾರ ಹಾಕುತ್ತಿರಿ, ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1 ಇರಲಿ. ಎರಡೂ ಸೊನ್ನೆಯಾದರೆ ಕಂದು ಲೋಳೆಯಂಥ ಡೈನೋಫ್ಲಾಜೆಲೇಟ್‌ಗಳು ಕಲ್ಲನ್ನು ಮುಸುಕುತ್ತವೆ.

ಆಹಾರಕ್ಕೆ ಸೀಗಡಿ, ಬೊಂಡಾಸ್ (ಸ್ಕ್ವಿಡ್), ಮರುವಾಯಿ (ಕಪ್ಪೆಚಿಪ್ಪು). ಕರಾವಳಿಯಿಂದ ಐಸ್‌ನಲ್ಲಿ ಬಂದದ್ದನ್ನು ಆ ದಿನವೇ ತೊಳೆದು, ಸಣ್ಣಗೆ ಕೊಚ್ಚಿ, ಚಪ್ಪಟೆಯಾಗಿ ಫ್ರೀಜ್ ಮಾಡಿ, ಒಂದು ವಾರದ ನಂತರ ಬಳಸುತ್ತೇನೆ. ಬಂಗುಡೆ, ಬೂತಾಯಿ ಬೇಡ. ಎಣ್ಣೆ ನೀರಿನ ಮೇಲೆ ಪೊರೆಯಾಗಿ ಹರಡಿ ಆಮ್ಲಜನಕ ಇಳಿಯುವುದನ್ನೇ ತಡೆಯುತ್ತದೆ, ಸ್ಕಿಮ್ಮರ್ ನೊರೆಯೂ ಕುಸಿಯುತ್ತದೆ. ಹಸಿ ಚಿಪ್ಪುಮೀನುಗಳಲ್ಲಿ ಬಿ1 ಜೀವಸತ್ವ ನಾಶಮಾಡುವ ಕಿಣ್ವ ಇರುವುದರಿಂದ ವಾರಕ್ಕೆರಡು ಸಲ ವಿಟಮಿನ್ ಹನಿಯಲ್ಲಿ ನೆನೆಸಿ ಕೊಡಬೇಕು. ಟ್ಯಾಂಗ್ ಜಾತಿಯ ಮೀನಿಗೆ ದಿನವೂ ನೋರಿ (ಒಣಗಿಸಿದ ಕಡಲಪಾಚಿ) ಹಾಳೆ. ಎರಡು ದಿನ ಕರೆಂಟಿಲ್ಲದೆ ಕರಗಿದ ಆಹಾರವನ್ನು ಮತ್ತೆ ಗಟ್ಟಿ ಮಾಡಿ ಹಾಕಬೇಡಿ, ಎಸೆದುಬಿಡಿ.

ಅಕ್ಟೋಬರಿನಲ್ಲಿ ಬಿಸಿಲು ತೆರೆದು ಕಿಟಕಿ ತೆಗೆದ ವಾರವೇ ಆವಿಯಾಗುವ ಪ್ರಮಾಣ ಮತ್ತೆ 5 ಲೀಟರ್ ದಾಟುತ್ತದೆ. ಆ ವಾರ ದಿನವೂ ಆಲ್ಕಲಿನಿಟಿ ಅಳೆದು, ಸುಣ್ಣವನ್ನು 1.5ರಿಂದ 1.2ಕ್ಕೆ, 1ಕ್ಕೆ, ಕೊನೆಗೆ 0.75 ಗ್ರಾಂಗೆ ಇಳಿಸುತ್ತೇನೆ. ಸೋಡಾವನ್ನು ಮೊದಲೇ ನಿಲ್ಲಿಸಿರಬೇಕು. ಕಾಫಿಗೆ ಮಳೆ ನಂತರದ ಬೋರ್ಡೋ ಸುತ್ತು ಇದೇ ಹೊತ್ತಿಗೆ ಬೀಳುವುದರಿಂದ ಸ್ಕಿಮ್ಮರ್ ಕೊಳವೆ ಅದು ಮುಗಿಯುವವರೆಗೂ ಒಳಗೇ ಇರುತ್ತದೆ.