ಎಕೆ ಮ್ಯಾಗಜೀನ್ ಬಿಚ್ಚಿ ಸಾಫ್ ಮಾಡುವುದು: ನನ್ನ ಅನುಭವ

ಫೈರಿಂಗ್ ನಡುವೆ ರೈಫಲ್ ನಿಂತುಹೋದರೆ ಎಲ್ಲರೂ ಮೊದಲು ಬೋಲ್ಟನ್ನೇ (ರೌಂಡನ್ನು, ಅಂದರೆ ಗುಂಡನ್ನು, ನಳಿಕೆಗೆ ತಳ್ಳುವ ಭಾಗ) ಬೈಯುತ್ತಾರೆ. ನಾನು ಮೊದಲು ಮ್ಯಾಗಜೀನ್, ಅಂದರೆ ರೌಂಡು ತುಂಬುವ ಡಬ್ಬಿ, ಬದಲಿಸಿ ನೋಡುತ್ತೇನೆ. ಬೇರೆಯದು ಹಾಕಿದಾಗ ಸರಾಗವಾಗಿ ಓಡಿತು ಎಂದರೆ ರೈಫಲ್ ಬಿಚ್ಚುವ ಅಗತ್ಯವೇ ಇಲ್ಲ, ರೋಗ ಡಬ್ಬಿಯಲ್ಲೇ ಇದೆ. ಇಲ್ಲಿ ಬರೆಯುತ್ತಿರುವುದು 7.62×39 ಮಿ.ಮೀ. ರೌಂಡು ಹಾಕುವ, 30 ರೌಂಡು ಹಿಡಿಯುವ ಉಕ್ಕಿನ ಎಕೆ ಮ್ಯಾಗಜೀನ್ ಬಗ್ಗೆ. ಕೋತ್‌ನಲ್ಲಿ (ಆಯುಧ ಇಡುವ ಕೋಣೆ) ಕೆಲಸ ಮಾಡುವವರಿಗೆ ಉಪಯೋಗವಾದೀತು.

ಒಳಗಿರುವುದು ಐದೇ ಪಾರ್ಟು: ಡಬ್ಬಿ, ತಳದ ಬಾಟಮ್ ಪ್ಲೇಟ್, ಅದನ್ನು ಹಿಡಿದಿಡುವ ಲಾಕಿಂಗ್ ಪ್ಲೇಟ್, ಸ್ಪ್ರಿಂಗ್, ರೌಂಡನ್ನು ಮೇಲೆತ್ತುವ ಪ್ಲಾಟ್‌ಫಾರ್ಮ್. ಡಬ್ಬಿ ಬಾಳೆಕಾಯಿಯಂತೆ ಬಾಗಿರುವುದು ಚೆಂದಕ್ಕಲ್ಲ. ಈ ಕಾರ್ತೂಸಿನ ಖೋಕಾ (ಮದ್ದು ತುಂಬಿದ ಲೋಹದ ಕವಚ) ಬುಡದಲ್ಲಿ ದಪ್ಪ, ಮುಂದೆ ಹೋದಂತೆ ಸಣ್ಣ; ಒಂದರ ಮೇಲೊಂದು ಜೋಡಿಸಿದರೆ ಸಾಲು ತಾನಾಗಿಯೇ ಬಾಗುತ್ತದೆ. ಆ ಬಾಗಿಗೆ ತಕ್ಕ ಹಾಗೆ ಡಬ್ಬಿ. ಹಾಗಾಗಿಯೇ ತಗಡಿಗೆ ಬಿದ್ದ ಸಣ್ಣ ತಗ್ಗು ಕೂಡ ಪ್ಲಾಟ್‌ಫಾರ್ಮನ್ನು ಅರ್ಧದಾರಿಯಲ್ಲಿ ಹಿಡಿದು ನಿಲ್ಲಿಸಬಲ್ಲದು.

ಮೊದಲು ಖಾಲಿ ಮಾಡಿ. ರೌಂಡುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಮುಂದಕ್ಕೆ ತಳ್ಳಿ ತೆಗೆದು, ಎಣಿಸಿ, ಬೇರೆ ಮೇಜಿನ ಮೇಲಿಡಿ. ಬಿಚ್ಚುವ ಮೇಜಿನ ಮೇಲೆ ಜೀವಂತ ರೌಂಡು ಇರಕೂಡದು. ಆಮೇಲೆ ಡಬ್ಬಿಯನ್ನು ತಲೆಕೆಳಗು ಮಾಡಿದರೆ ಬಾಟಮ್ ಪ್ಲೇಟಿನ ತೂತಿನಿಂದ ಲಾಕಿಂಗ್ ಪ್ಲೇಟಿನ ಗುಂಡಿ ಇಣುಕುವುದು ಕಾಣುತ್ತದೆ. ಅದನ್ನು ಒಳಕ್ಕೆ ಒತ್ತಬೇಕು. ಬಹಳ ಜನ ಇದಕ್ಕೆ ಬುಲೆಟ್ಟಿನ ಮೂತಿಯನ್ನೇ ಬಳಸುತ್ತಾರೆ. ನನಗದು ಸರಿ ಕಾಣುವುದಿಲ್ಲ. ಜೋರಾಗಿ ಒತ್ತಿದರೆ ಬುಲೆಟ್ ಖೋಕಾದೊಳಕ್ಕೆ ಜರುಗುತ್ತದೆ, ಅಂಥ ರೌಂಡು ಮತ್ತೆ ಮ್ಯಾಗಜೀನಿಗೆ ಹೋಗಬಾರದು. ರೈಫಲಿನ ಬಟ್ಟಿನ (ಭುಜಕ್ಕೊರಗುವ ಭಾಗ) ಒಳಗಿರುವ ಕ್ಲೀನಿಂಗ್ ಕಿಟ್‌ನ ಕೊಳವೆ ಡಬ್ಬಿಯಲ್ಲಿ ಬ್ರಷ್ಷು, ಸ್ಕ್ರೂಡ್ರೈವರ್ ಜೊತೆ ಒಂದು ಪಂಚ್ (ಒತ್ತುವ ಸಣ್ಣ ಸರಳು) ಕೊಟ್ಟಿರುವುದು ಇಂಥ ಕೆಲಸಕ್ಕೇ.

ಗುಂಡಿ ಒತ್ತಿ ಹಿಡಿದು ಬಾಟಮ್ ಪ್ಲೇಟನ್ನು ಮುಂದಕ್ಕೆ ಸರಿಸಿ. ಮುಂದೆ ಎಂದರೆ ಬುಲೆಟ್ ಮೂತಿ ನೋಡುವ ಕಡೆ, ಅಂದರೆ ಡಬ್ಬಿಯ ಬಾಗಿನ ಒಳಮಗ್ಗುಲು. ಒಂದು ಬೆರಳಗಲ ಸರಿದ ಕೂಡಲೇ ಪಂಚ್ ಬಿಟ್ಟು ಎಡಗೈ ಹೆಬ್ಬೆರಳನ್ನು ಲಾಕಿಂಗ್ ಪ್ಲೇಟಿನ ಮೇಲೆ ಅದುಮಿ ಹಿಡಿಯಿರಿ. ಮುಖ ಪಕ್ಕಕ್ಕಿರಲಿ. ಈ ಹೆಬ್ಬೆರಳು ಮರೆತರೆ ಲಾಕಿಂಗ್ ಪ್ಲೇಟ್ ಸೂರಿಗೆ ಹಾರುತ್ತದೆ, ಇಲ್ಲವೇ ಕಣ್ಣಿಗೆ. ಬಾಟಮ್ ಪ್ಲೇಟ್ ಪೂರ್ತಿ ಬಂದ ಮೇಲೆ ಬೆರಳನ್ನು ನಿಧಾನ ಸಡಿಲಿಸುತ್ತ ಸ್ಪ್ರಿಂಗನ್ನು ಅಂಗೈಯೊಳಗೇ ಬಿಡಿ. ಪೂರ್ತಿ ಹೊರಬಂದಾಗ ಅದು ಡಬ್ಬಿಗಿಂತ ಉದ್ದ ಇರುತ್ತದೆ. ಕೊನೆಗೆ ಪ್ಲಾಟ್‌ಫಾರ್ಮ್ ತುಸು ಓರೆಯಾಗಿ ತಳದಿಂದಲೇ ಜಾರಿ ಬರುತ್ತದೆ. ಸ್ಪ್ರಿಂಗ್ ಯಾವ ಮುಖವಾಗಿ, ಯಾವ ತುದಿ ಮೇಲಾಗಿ ಕೂತಿತ್ತು ಎಂದು ಆಗಲೇ ನೋಡಿಕೊಳ್ಳಿ. ಜೋಡಿಸುವಾಗಿನ ಅರ್ಧ ತಪ್ಪು ಇಲ್ಲಿಂದಲೇ ಶುರು.

ಒಂದು ಸಲಕ್ಕೆ ಒಂದೇ ಮ್ಯಾಗಜೀನ್. ಹತ್ತನ್ನು ಒಟ್ಟಿಗೆ ಬಿಚ್ಚಿ ರಾಶಿ ಹಾಕಿದರೆ ಬಾಟಮ್ ಪ್ಲೇಟುಗಳು ಅದಲುಬದಲಾಗುತ್ತವೆ. ಬೇರೆಬೇರೆ ದೇಶದ ಕಾರ್ಖಾನೆಗಳ ಮಾಲು ನೋಡಲು ಒಂದೇ, ಅಂಚು ಮಾತ್ರ ಒಂದು ಬಿಗಿ, ಇನ್ನೊಂದು ಸಡಿಲ.

ಸಾಫ್ ಮಾಡಲು ಹಳೆಯ ಹಲ್ಲುಜ್ಜುವ ಬ್ರಷ್ಷು, ಚಿಂದಿ, ತೆಳ್ಳನೆಯ ಬಿದಿರು ಕಡ್ಡಿ ಸಾಕು. ಮೊದಲು ಒಣ ಬ್ರಷ್ಷಿನಿಂದ ಮರಳು, ದೂಳು ಉದುರಿಸಿ. ಎಣ್ಣೆ ಮೊದಲೇ ಮುಟ್ಟಿಸಿದರೆ ಅದೇ ದೂಳು ಕೆಸರಾಗಿ ಮೂಲೆಗೆ ಸೇರುತ್ತದೆ. ಡಬ್ಬಿಯ ಪಕ್ಕದ ಉಬ್ಬುಗೆರೆಗಳು ಒಳಗಿನಿಂದ ನೋಡಿದರೆ ಕಾಲುವೆ. ಮಳೆನೀರು ನಿಂತು ತುಕ್ಕು ಏಳುವುದು ಅಲ್ಲೇ. ಚಿಂದಿ ಸುತ್ತಿದ ಕಡ್ಡಿಯನ್ನು ತಳದಿಂದ ತೂರಿಸಿ ಒಂದೊಂದು ಕಾಲುವೆಯನ್ನೂ ತಿಕ್ಕಿ. ತುಕ್ಕಿದ್ದರೆ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಹಿತ್ತಾಳೆ ಬ್ರಷ್ಷು ಆಡಿಸಿ. ಮರಳುಕಾಗದ ಬೇಡ: ತುಕ್ಕಿನ ಜೊತೆ ಮೇಲಿನ ಲೇಪವೂ ಹೋಗಿ ಮುಂದಿನ ಮಳೆಗೆ ಇಡೀ ಜಾಗ ಕೆಂಪಾಗುತ್ತದೆ. ಸೀಮೆಎಣ್ಣೆ ಹಾಕಿದರೆ ಆಮೇಲೆ ಪೂರ್ತಿ ಒರೆಸಬೇಕು, ಹಾಗೇ ಬಿಟ್ಟರೆ ಅದು ಉಕ್ಕನ್ನು ಕಾಯುವುದಿಲ್ಲ. ಪ್ಲಾಸ್ಟಿಕ್ ಮ್ಯಾಗಜೀನಿಗೆ ಪೆಟ್ರೋಲ್, ತಿನ್ನರ್ ಯಾವುದೂ ಬೇಡ, ಸೋಪುನೀರೇ ಸಾಕು.

ಸ್ಪ್ರಿಂಗನ್ನು ಎಣ್ಣೆ ಚಿಂದಿಯಲ್ಲಿ ಎರಡು ಬೆರಳಿನ ನಡುವೆ ಹಿಡಿದು ಒಂದೊಂದು ಸುತ್ತನ್ನೂ ಜಾರಿಸಿ, ಆಮೇಲೆ ಒಣ ಚಿಂದಿಯಿಂದ ಅದೇ ದಾರಿ. ಎಳೆದು ಉದ್ದ ಮಾಡಬೇಡಿ. ಎಳೆದ ಸ್ಪ್ರಿಂಗ್ ಎರಡು ದಿನ ಚುರುಕಾಗಿರುತ್ತದೆ, ಆಮೇಲೆ ಮೊದಲಿಗಿಂತ ಸೋಲುತ್ತದೆ.

ಎಣ್ಣೆ ವಿಚಾರದಲ್ಲಿ ನಾನು ಜಿಪುಣ. ಕರಾವಳಿ, ಅಸ್ಸಾಮಿನಂಥ ಕಡೆ ಡಬ್ಬಿಯ ಒಳಗೆ ಎಣ್ಣೆ ಚಿಂದಿ ಒಮ್ಮೆ ಆಡಿಸಿ ಮತ್ತೆ ಒರೆಸಬೇಕು. ಬೆರಳಿಟ್ಟರೆ ಜಿಡ್ಡಿನ ಗುರುತು ಸಿಗಬೇಕು, ಹನಿ ಕಾಣಬಾರದು. ರಾಜಸ್ಥಾನದ ಮರಳಿನಲ್ಲಿ ಅದೂ ಬೇಡ, ಒಣಗಿರಲಿ. ಡಬ್ಬಿಯ ಎಣ್ಣೆ ರೌಂಡಿಗೆ ಹತ್ತುತ್ತದೆ. ಖೋಕಾದ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ಗೆ ಇಳಿದರೆ ರೌಂಡು ಹಾರದೆ ಉಳಿಯಬಹುದು. ಎಣ್ಣೆ ಮೆತ್ತಿದ ಖೋಕಾ ಚೇಂಬರಿನ (ನಳಿಕೆಯಲ್ಲಿ ರೌಂಡು ಕೂರುವ ಜಾಗ) ಗೋಡೆಯನ್ನು ಬಿಗಿಯಾಗಿ ಕಚ್ಚದು, ಹೊಡೆತವೆಲ್ಲ ಬೋಲ್ಟಿನ ಮುಖಕ್ಕೆ. ಅದಕ್ಕೇ ರೌಂಡನ್ನೂ ಒಣ ಚಿಂದಿಯಲ್ಲಿ ಒರೆಸಿಯೇ ತುಂಬಬೇಕು.

ಜೋಡಿಸುವ ಮೊದಲು ಲಿಪ್ಸ್ (ಡಬ್ಬಿಯ ಬಾಯಲ್ಲಿ ರೌಂಡನ್ನು ಹಿಡಿದಿಡುವ ತುಟಿಗಳು) ನೋಡಿ. ಮ್ಯಾಗಜೀನನ್ನು ಬೆಳಕಿಗೆ ಹಿಡಿದು ಹಿಂದಿನಿಂದ ಕಣ್ಣಿಟ್ಟರೆ ಎರಡು ತುಟಿಯೂ ಒಂದೇ ಎತ್ತರದಲ್ಲಿ, ಒಂದೇ ಬಾಗಿನಲ್ಲಿ ಇರಬೇಕು. ಅಗಲವಾಗಿದ್ದರೆ ರೌಂಡು ಮೇಲೆ ಕೂರುತ್ತದೆ, ಒಂದರ ಹಿಂದೆ ಇನ್ನೊಂದೂ ನುಗ್ಗುತ್ತದೆ. ಒಳಕ್ಕೆ ಮಡಿದಿದ್ದರೆ ಬೋಲ್ಟ್ ರೌಂಡಿನ ತಲೆ ಸವರಿಕೊಂಡು ಬರಿದೇ ಮುಂದೆ ಹೋಗುತ್ತದೆ. ರೈಫಲಿಗೆ ಸಿಕ್ಕಿಕೊಳ್ಳುವ ಹಿಂದಿನ ಕೊಕ್ಕೆ ಸವೆದು ಮ್ಯಾಗಜೀನ್ ಕೆಳಗೆ ಜೋತಾಗಲೂ ಇದೇ ಲಕ್ಷಣ. ತುಟಿಯನ್ನು ಇಕ್ಕಳದಲ್ಲಿ ತಿದ್ದಲು ಹೋಗಬೇಡಿ, ಅದು ಕೈಯಳತೆಯ ಕೆಲಸವಲ್ಲ.

ಜೋಡಿಸುವುದು ಬಿಚ್ಚಿದ್ದರ ಉಲ್ಟಾ. ಪ್ಲಾಟ್‌ಫಾರ್ಮ್, ಸ್ಪ್ರಿಂಗ್, ಅದರ ಮೇಲೆ ಲಾಕಿಂಗ್ ಪ್ಲೇಟ್ ಕೂರಿಸಿ, ಹೆಬ್ಬೆರಳಲ್ಲಿ ಒತ್ತಿ ಹಿಡಿದು ಬಾಟಮ್ ಪ್ಲೇಟ್ ಸರಿಸಿದರೆ ಗುಂಡಿ ತೂತಿಗೆ ಟಕ್ಕೆಂದು ಬೀಳುತ್ತದೆ. ಆ ಸದ್ದು ಬರದೆ ಬಿಡಬೇಡಿ, ಓಡುವಾಗ ತಳ ಕಳಚಿ 30 ರೌಂಡೂ ನೆಲಕ್ಕೆ. ಈಗ ಪ್ಲಾಟ್‌ಫಾರ್ಮನ್ನು ಬೆರಳಿಂದ ಆದಷ್ಟು ಕೆಳಕ್ಕೆ ಒತ್ತಿ ಬಿಡಿ: ಎಲ್ಲೂ ತಡೆಯದೆ, ವಾಲದೆ ಮೇಲೆ ಬರಬೇಕು. ಮಧ್ಯೆ ನಿಂತರೆ ತಗ್ಗು ಇಲ್ಲವೇ ಕಸ. ಮೇಲಿನ ಕೊನೆಯಲ್ಲಿ ಬಲ ಸತ್ತಂತಿದ್ದರೆ ಸ್ಪ್ರಿಂಗ್ ತಿರುವುಮುರುವಾಗಿದೆ ಅಥವಾ ಸೋತಿದೆ. ಕೊನೆಯ ಎರಡು ಮೂರು ರೌಂಡು ಕೈಕೊಡುವುದು ಇಂಥದ್ದರಲ್ಲೇ. ಐದು ಡ್ರಿಲ್ ಕಾರ್ತೂಸ್ (ಮದ್ದಿಲ್ಲದ ಅಭ್ಯಾಸದ ರೌಂಡು) ತುಂಬಿ, ಕಾಕಿಂಗ್ ಹ್ಯಾಂಡಲ್ ಎಳೆದು ಬಿಟ್ಟು, ಎಡ ಬಲ ಸರತಿಯಲ್ಲಿ ಬರುತ್ತವೆಯೇ ನೋಡಿ. ಹ್ಯಾಂಡಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದೆ ತಂದರೆ ಪರೀಕ್ಷೆಯೇ ಅಲ್ಲ.

ಫೈರಿಂಗ್ ಆದ ಮೇಲೆ, ಮಳೆಯಲ್ಲಿ ನೆನೆದ ಮೇಲೆ, ನೀರಿಗೆ ಬಿದ್ದ ಮೇಲೆ ಬಿಚ್ಚಲೇಬೇಕು. ಉಳಿದಂತೆ ತಿಂಗಳಿಗೊಮ್ಮೆ ಸಾಕು. ದಿನಾ ಖೋಲ್ನಾ ಜೋಡ್ನಾ (ಬಿಚ್ಚಿ ಜೋಡಿಸುವುದು) ಮಾಡಿಸಿದರೆ ಬಾಟಮ್ ಪ್ಲೇಟಿನ ಅಂಚು ಸಡಿಲವಾಗುವುದೊಂದೇ ಲಾಭ. ಫೇಲಾದ ಮ್ಯಾಗಜೀನಿನ ತಳಕ್ಕೆ ಕೆಂಪು ಬಣ್ಣ ಬಳಿದು ಬೇರೆ ಪೆಟ್ಟಿಗೆಗೆ ಹಾಕಿ. ಬರಿದೇ ಪಕ್ಕಕ್ಕೆ ಇಟ್ಟದ್ದು ಸಂಜೆಯ ಎಣಿಕೆಯಲ್ಲಿ ಒಂದು ಕಡಿಮೆ ಬಂತೆಂದು ಮತ್ತೆ ರ‍್ಯಾಕಿಗೆ ಸೇರಿಬಿಡುತ್ತದೆ.