ಪ್ರೊಸೆಸರ್ ತಣ್ಣಗಿತ್ತು, ಬೋರ್ಡ್ ಕಾದಿತ್ತು

ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಮದುವೆ ವಿಡಿಯೊ ಎಡಿಟಿಂಗ್ ಕೆಲಸ. ಸೀಸನ್ ಬಂದರೆ ರಾತ್ರಿ ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಫೈಲ್ ಮಾಡುವ ಕೆಲಸಕ್ಕೆ) ಹಾಕಿ ಮಲಗುತ್ತೇನೆ, ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಗಿರಾಕಿ ನಿಂತಿರುತ್ತಾರೆ. ಸಿಸ್ಟಂನಲ್ಲಿರುವುದು ಎಎಂಡಿ ಎಫ್‌ಎಕ್ಸ್-6300 ಪ್ರೊಸೆಸರ್. 2012ರಲ್ಲಿ ಬಂದದ್ದು, ಆರು ಕೋರ್, 3.5 ಗಿಗಾಹರ್ಟ್ಸ್, 95 ವ್ಯಾಟ್. ಹೊಸದು ಕೊಳ್ಳಲು ದುಡ್ಡು ಇರಲಿಲ್ಲ. ಬೋರ್ಡ್‌ನ ಮೂಲ ಸ್ಪೀಡನ್ನು (ಬಸ್) ಒಂದು ಸಂಖ್ಯೆಯಿಂದ ಗುಣಿಸಿದರೆ ಪ್ರೊಸೆಸರ್ ಸ್ಪೀಡ್ ಸಿಗುತ್ತದೆ, ಆ ಸಂಖ್ಯೆಯೇ ಮಲ್ಟಿಪ್ಲೈಯರ್. ಎಫ್‌ಎಕ್ಸ್ ಪ್ರೊಸೆಸರ್‌ಗಳಲ್ಲಿ ಅದಕ್ಕೆ ಕಂಪನಿ ಬೀಗ ಹಾಕಿಲ್ಲ. ಹಾಗಾಗಿ ಇದ್ದದ್ದನ್ನೇ ಓವರ್‌ಕ್ಲಾಕ್ ಮಾಡೋಣ, ಅಂದರೆ ಕಂಪನಿ ಇಟ್ಟ ಸ್ಪೀಡ್‌ಗಿಂತ ಜೋರಾಗಿ ಓಡಿಸೋಣ ಅಂದುಕೊಂಡೆ.

ಮೊದಲು ಕಂಪನಿ ಜೊತೆ ಬಂದ ಕೂಲರ್ ತೆಗೆದು ಒಂದು ಟವರ್ ಕೂಲರ್ ಹಾಕಿದೆ. ಬಯೋಸ್‌ಗೆ (ವಿಂಡೋಸ್‌ಗಿಂತ ಮೊದಲು ತೆರೆಯುವ ಬೋರ್ಡ್ ಸೆಟ್ಟಿಂಗ್‌ಗೆ) ಹೋಗಿ ಮಲ್ಟಿಪ್ಲೈಯರ್ 21 ಮಾಡಿದೆ. ಬಸ್ 200 ಮೆಗಾಹರ್ಟ್ಸ್, ಅಂದರೆ 4.2 ಗಿಗಾಹರ್ಟ್ಸ್. ವೋಲ್ಟೇಜ್ ಆಟೊದಲ್ಲೇ ಬಿಟ್ಟೆ. ವಿಂಡೋಸ್ ಬಂತು, ಕೋರ್ ಬಿಸಿ 52 ಡಿಗ್ರಿ ದಾಟಲಿಲ್ಲ. ಖುಷಿಯಾಯಿತು.

ರೆಂಡರ್ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಸ್ಪೀಡ್ ಒಮ್ಮೆಲೇ 4200 ಮೆಗಾಹರ್ಟ್ಸ್‌ನಿಂದ 1400ಕ್ಕೆ ಬಿತ್ತು. ಸ್ವಲ್ಪ ಹೊತ್ತಿಗೆ ಮೇಲೆ ಬಂತು, ಮತ್ತೆ ಬಿತ್ತು. ಮೊದಲು ಮೂರು ಗಂಟೆ ಹತ್ತು ನಿಮಿಷ ಹಿಡಿಯುತ್ತಿದ್ದ ಕೆಲಸ ಮೂರೂಮುಕ್ಕಾಲು ಗಂಟೆ ಆಯಿತು. ಪ್ರೊಸೆಸರ್ ತಣ್ಣಗಿದೆ, ಆದರೂ ಯಾಕೆ ಹೀಗೆ?

ಪಕ್ಕದಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಅವರ ಹತ್ತಿರ ಬಿಸಿ ಅಳೆಯುವ ಇನ್ಫ್ರಾರೆಡ್ ಗನ್ ಇತ್ತು. ಅವರೇ ಬಂದು ಹಿಡಿದರು. ಪ್ರೊಸೆಸರ್ ಪಕ್ಕದಲ್ಲಿ ಸಾಲಾಗಿ ಕೂತ ಕಪ್ಪು ಮಾಸ್‌ಫೆಟ್‌ಗಳ (ಕರೆಂಟನ್ನು ಆನ್-ಆಫ್ ಮಾಡುವ ಸಣ್ಣ ಚಿಪ್‌ಗಳು) ಮೇಲೆ 104 ಡಿಗ್ರಿ! "ಏನ್ರೀ ಸರ, ನಮ್ ಮೋಟಾರ್ ಸುದ್ದಾ ಇಷ್ಟ್ ಕಾಯಂಗಿಲ್ಲಲ್ರೀ" ಅಂದರು. ಮಾಸ್‌ಫೆಟ್ ಅಷ್ಟನ್ನು ತಡೆಯುತ್ತದೆ. ಆದರೆ ಅದಕ್ಕೆ ಅಂಟಿಕೊಂಡೇ ಇರುವ ಕೆಪಾಸಿಟರ್‌ಗಳ ಮೈಮೇಲೆ 105 ಡಿಗ್ರಿ ಅಂತ ಅಚ್ಚಾಗಿತ್ತು. ಕೆಪಾಸಿಟರ್ ಬಿಸಿ ಹತ್ತು ಡಿಗ್ರಿ ಏರಿದರೆ ಅದರ ಆಯಸ್ಸು ಹತ್ತಿರಹತ್ತಿರ ಅರ್ಧ ಆಗುತ್ತದೆ. ಅವತ್ತು ರಾತ್ರಿ ಎಲ್ಲವನ್ನೂ ಮೊದಲಿನ ಸೆಟ್ಟಿಂಗ್‌ಗೆ ತಂದುಬಿಟ್ಟೆ.

ಬೋರ್ಡ್‌ನಲ್ಲಿ ಮಾಸ್‌ಫೆಟ್, ಕೆಪಾಸಿಟರ್ ಕೂತಿರುವ ಈ ಜಾಗಕ್ಕೆ ವಿಆರ್‌ಎಂ ಅನ್ನುತ್ತಾರೆ. ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರ್‌ನ ಪವರ್ ಸಪ್ಲೈ ಡಬ್ಬಿ) ಬರುವ 12 ವೋಲ್ಟನ್ನು ಇದು ಪ್ರೊಸೆಸರ್‌ಗೆ ಬೇಕಾದ 1.3 ವೋಲ್ಟ್ ಆಸುಪಾಸಿಗೆ ಇಳಿಸುತ್ತದೆ. ಅಷ್ಟೇ ವ್ಯಾಟ್ ಕೊಡಬೇಕಾದಾಗ ವೋಲ್ಟ್ ಇಳಿದಷ್ಟೂ ಆಂಪಿಯರ್ ಏರುತ್ತದೆ. ನನ್ನದು ನಾಲ್ಕು ಫೇಸ್‌ನ, ಅಂದರೆ ಕರೆಂಟನ್ನು ನಾಲ್ಕು ದಾರಿಯಲ್ಲಿ ಹಂಚಿ ಕೊಡುವ ಅಗ್ಗದ ಬೋರ್ಡ್. ಮಾಸ್‌ಫೆಟ್ ಮೇಲೆ ಬಿಸಿ ಹೀರಿ ಗಾಳಿಗೆ ಬಿಡುವ ಹೀಟ್‌ಸಿಂಕ್ ಇರಲಿಲ್ಲ. ಹಳೇ ಕೂಲರ್ ಗಾಳಿಯನ್ನು ಕೆಳಗೆ ಊದುತ್ತಿತ್ತು, ಅದು ವಿಆರ್‌ಎಂ ಮೇಲೂ ಹಾಯುತ್ತಿತ್ತು. ಟವರ್ ಕೂಲರ್ ಗಾಳಿಯನ್ನು ಅಡ್ಡಡ್ಡ ಊದುತ್ತದೆ. ಅಂದರೆ ನಾನೇ ದುಡ್ಡು ಕೊಟ್ಟು ವಿಆರ್‌ಎಂ ಗಾಳಿ ನಿಲ್ಲಿಸಿದ್ದೆ. ಜೊತೆಗೆ ಆಟೊ ವೋಲ್ಟೇಜ್ 1.44ಕ್ಕೆ ಏರಿತ್ತು. ಅಷ್ಟು ಬೇಕಾಗಿಯೇ ಇರಲಿಲ್ಲ.

ರಿಪೇರಿ ದೊಡ್ಡದೇನಲ್ಲ. ಸಣ್ಣ ಅಲ್ಯೂಮಿನಿಯಂ ಹೀಟ್‌ಸಿಂಕ್‌ಗಳು, ಥರ್ಮಲ್ ಟೇಪ್, ಒಂದು 80 ಎಂಎಂ ಫ್ಯಾನ್. ಎಲ್ಲ ಸೇರಿ ಟವರ್ ಕೂಲರ್‌ನ ಅರ್ಧ ಬೆಲೆಯೂ ಆಗಲಿಲ್ಲ. ಮೊಬೈಲ್ ರಿಪೇರಿಯವರು ಬಳಸುವ ಐಪಿಎ ಅನ್ನುವ ಆಲ್ಕೋಹಾಲ್‌ನಿಂದ ಮಾಸ್‌ಫೆಟ್ ಒರೆಸಿ, ಹೀಟ್‌ಸಿಂಕ್ ಒತ್ತಿ ಅಂಟಿಸಿ, ಕ್ಯಾಬಿನೆಟ್ ಅನ್ನು ಒಂದು ರಾತ್ರಿ ಮಲಗಿಸಿಯೇ ಇಟ್ಟೆ. ನಿಲ್ಲಿಸಿದ ಮೇಲೆ ಟೇಪ್ ಬಿಟ್ಟು ಹೀಟ್‌ಸಿಂಕ್ ಗ್ರಾಫಿಕ್ಸ್ ಕಾರ್ಡ್ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ, ಅದಕ್ಕೆ ಈ ಕಾಳಜಿ. ಫ್ಯಾನನ್ನು ಕೇಬಲ್ ಟೈಯಿಂದ ವಿಆರ್‌ಎಂ ಎದುರಿಗೇ ಕಟ್ಟಿದೆ.

ಆಮೇಲೆ ಅವಸರ ಮಾಡಲಿಲ್ಲ. ಗಿರಾಕಿಗಳ ಫೈಲ್‌ಗಳನ್ನೆಲ್ಲ ಬೇರೆ ಹಾರ್ಡ್ ಡಿಸ್ಕ್‌ಗೆ ಹಾಕಿ ಅದನ್ನು ಬಿಚ್ಚಿಟ್ಟೆ. ಬೇರೆಯವರ ಮದುವೆಯ ವಿಡಿಯೊ ಹಾಳಾದರೆ ಮತ್ತೆ ಎಲ್ಲಿಂದ ತರೋದು? ಪ್ರೊಸೆಸರ್ ತಾನೇ ಸ್ಪೀಡ್ ಏರಿಸಿಕೊಳ್ಳುವ ಟರ್ಬೊ ಬಂದ್ ಮಾಡಿದೆ. ಬಸ್ ಸ್ಪೀಡ್ ಮುಟ್ಟಲಿಲ್ಲ, ಯಾಕೆಂದರೆ ಅದು ರ‍್ಯಾಮ್ ಸ್ಪೀಡನ್ನೂ ಎಳೆದುಕೊಂಡು ಹೋಗುತ್ತದೆ. ವೋಲ್ಟೇಜ್ ನಾನೇ ಕೈಯಾರೆ 1.30 ಇಟ್ಟು, ಮಲ್ಟಿಪ್ಲೈಯರ್ ಅರ್ಧರ್ಧ ಏರಿಸುತ್ತ ಹೋದೆ. ಪ್ರತಿ ಸಲ ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಲೆಕ್ಕ ಪರೀಕ್ಷಿಸುವ ಪ್ರೈಮ್95 ಅರ್ಧ ಗಂಟೆ, ಪಕ್ಕದಲ್ಲಿ ಬಿಸಿ, ಸ್ಪೀಡ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ, ಕೈಯಲ್ಲಿ ಗನ್. 20.5ರ ತನಕ ತೊಂದರೆ ಇಲ್ಲ. 21ಕ್ಕೆ ಒಂದು ಕೋರ್ ತಪ್ಪು ಲೆಕ್ಕ ಕೊಟ್ಟು ನಿಂತಿತು. ವಾಪಸ್ 20.5ಕ್ಕೆ ಬಂದೆ. 4.1 ಗಿಗಾಹರ್ಟ್ಸ್. ಅದರಲ್ಲಿ ಐದು ಗಂಟೆ ಓಡಿಸಿದೆ.

ವೋಲ್ಟೇಜ್ ಏರಿಸಿ 4.4 ಮಾಡು ಅಂತ ಗೆಳೆಯ ಹೇಳಿದ. ನಾನು ಪೆನ್ನು ಹಿಡಿದು ಕೂತೆ. ವ್ಯಾಟ್ ಸ್ಪೀಡ್ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜ್ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. 95 ವ್ಯಾಟ್ ಹಿಡಿದು ಅಂದಾಜು ಮಾಡಿದರೆ 4.1ಕ್ಕೆ 1.30 ವೋಲ್ಟ್‌ನಲ್ಲಿ 111 ವ್ಯಾಟ್. ಅಂದರೆ 85 ಆಂಪಿಯರ್, ಒಂದೊಂದು ಫೇಸ್‌ಗೆ 21. ಅದೇ 4.4ಕ್ಕೆ 1.45 ವೋಲ್ಟ್ ಕೊಟ್ಟರೆ ಸುಮಾರು 150 ವ್ಯಾಟ್, ಫೇಸ್‌ಗೆ 26 ಆಂಪಿಯರ್. ಮಾಸ್‌ಫೆಟ್ ಕಾಯುವುದು ಆಂಪಿಯರ್‌ನ ವರ್ಗದ ಲೆಕ್ಕದಲ್ಲಿ, ಹಾಗಾಗಿ ಅಲ್ಲಿ ಬಿಸಿ ಒಂದೂವರೆ ಪಟ್ಟು. ಸ್ಪೀಡ್ ಸಿಗುವುದು ನೂರಕ್ಕೆ ಏಳು ಮಾತ್ರ. ಈ ಬೋರ್ಡ್‌ಗೆ ಅದು ಬೇಡವೇ ಬೇಡ.

ಇಷ್ಟೆಲ್ಲ ಜನವರಿಯಲ್ಲಿ ಆದದ್ದು. ಚಳಿಗಾಲದ ಟೆಸ್ಟ್ ನಂಬಬಾರದು, ನಮ್ಮ ಕಡೆ ಏಪ್ರಿಲ್ ಬಿಸಿಲು ನಿಮಗೆ ಗೊತ್ತಲ್ವಾ? ಜನವರಿಯಲ್ಲಿ ಮಾಸ್‌ಫೆಟ್ ಮೇಲೆ ಗನ್ 71 ಡಿಗ್ರಿ ತೋರಿಸಿತ್ತು. ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಬೇಕೆಂದೇ ಮತ್ತೆ ರೆಂಡರ್ ಹಾಕಿ ನೋಡಿದೆ. 83. ಸ್ಪೀಡ್ ಒಮ್ಮೆಯೂ ಬೀಳಲಿಲ್ಲ. ಅದೇ ಮೂರು ಗಂಟೆ ಹತ್ತು ನಿಮಿಷದ ಕೆಲಸ ಎರಡೂಮುಕ್ಕಾಲು ಗಂಟೆಗೆ ಮುಗಿಯಿತು.

ನಮ್ಮ ಓಣಿಯಲ್ಲಿ ಮಗ್ಗಗಳಿವೆ. ನೂಲಿನ ಧೂಳು ಗಾಳಿಯಲ್ಲೇ ಇರುತ್ತದೆ, ಹದಿನೈದು ದಿನಕ್ಕೆ ಆ ಸಣ್ಣ ಫ್ಯಾನ್ ಮೇಲೆ ಬಿಳಿ ಪದರ ಕೂರುತ್ತದೆ. ಭಾನುವಾರ ಬೆಳಿಗ್ಗೆ ಪ್ಲಗ್ ತೆಗೆದು, ಫ್ಯಾನ್ ರೆಕ್ಕೆ ತಿರುಗದ ಹಾಗೆ ಒಂದು ಬೆರಳಲ್ಲಿ ಹಿಡಿದು, ಪೇಂಟ್ ಬ್ರಷ್‌ನಿಂದ ಒರೆಸುತ್ತೇನೆ.